ಬಿದ್ದುಹೋದ ಭಾಗವನ್ನು 'ಇದ್ದ ಹಾಗೇ' ಮತ್ತೆ ಕಟ್ಟೋದು ಸರಿನಾ?

ಒಂಟಿಕಂಬ
ಎಲ್ಲರಿಗೂ ನಮಸ್ಕಾರ. ಹಳೆಯ ಕಟ್ಟಡವೊಂದರ ದುರಸ್ತಿ ಸಮಿತಿಯಲ್ಲಿದ್ದೇನೆ. ಕಲ್ಲಿನ ಗೋಡೆ, ಸುಣ್ಣದ ಗಾರೆ, ಮೇಲೆ ತೊಲೆ-ಜಂತೆಯ ಮಾಡು. ಮುಂದೆ ತೋಟ, ಅದರ ನಡುವೆ ಹಾದುಹೋಗುವ ಕಲ್ಲಿನ ಕಾಲುವೆ. ಎರಡು ಮಳೆಗಾಲದ ಹಿಂದೆ ಹಿಂಬದಿಯ ಒಂದು ತುದಿ ಕುಸಿದುಬಿತ್ತು. ಈಗ ಹಣ ಮಂಜೂರಾಗಿದೆ. ಸಮಿತಿಯಲ್ಲಿ ಹೆಚ್ಚಿನವರು "ಮೊದಲು ಹೇಗಿತ್ತೋ ಹಾಗೇ ಎಬ್ಬಿಸೋಣ" ಅಂತಿದ್ದಾರೆ.

ಮೊದಲು ಹೇಗಿತ್ತು ಅಂತಲೇ ನಮಗೆ ಗೊತ್ತಿಲ್ಲ. ಇರೋದು ಎರಡು ಹಳೇ ಫೋಟೊ, ಎರಡೂ ಮುಂಭಾಗದ್ದು. ಹಿಂದುಗಡೆ ಎಷ್ಟು ಕಿಟಕಿ ಇತ್ತು, ಮಾಡಿನ ಇಳಿಜಾರು ಎಷ್ಟಿತ್ತು, ಯಾವುದಕ್ಕೂ ಆಧಾರ ಇಲ್ಲ. ನಕ್ಷೆ ಬರೆಯುವವರು ಎಡಗಡೆಯ ತುದಿ ನೋಡಿ ಬಲಗಡೆಯದನ್ನು ಬರೆದುಕೊಟ್ಟಿದ್ದಾರೆ. ಚೆನ್ನಾಗಿಯೇ ಇದೆ. ನೋಡಿದವರೆಲ್ಲ ಒಪ್ಪಿಬಿಟ್ಟರು. ನನಗೆ ಮಾತ್ರ ಮನಸ್ಸು ಒಪ್ತಿಲ್ಲ, ಆದರೆ ಯಾಕೆ ಅಂತ ಸಭೆಯಲ್ಲಿ ಸರಿಯಾಗಿ ಹೇಳೋಕೂ ಆಗಲಿಲ್ಲ.

ಇನ್ನೊಂದು ವಿಷಯ. ಕೆಲವು ವರ್ಷದ ಹಿಂದೆ ಉತ್ತರದ ಗೋಡೆಯ ಸಂದುಗಳಿಗೆಲ್ಲ ಸಿಮೆಂಟ್ ತುಂಬಿಸಿದ್ದಾರೆ. ಮೊನ್ನೆ ಆ ಗೋಡೆಗೆ ಕೈ ಊರಿ ನಿಂತೆ. ಅಂಗೈ ಅಗಲದ ಚಕ್ಕೆ ಕಲ್ಲಿನಿಂದ ಕಳಚಿ ಕೈಗೇ ಬಂತು. ಚಕ್ಕೆಯ ಹಿಂದೆ ಬಿಳಿ ಪುಡಿ. ಕಲ್ಲು ಸವೆದು ಒಳಗೆ ಹೋಗಿದೆ, ಸಿಮೆಂಟ್ ಗೆರೆ ಮಾತ್ರ ಜೇನುತಟ್ಟಿಯ ಗೋಡೆ ಥರ ಹೊರಗೆ ನಿಂತಿದೆ. ಗಟ್ಟಿ ಮಾಡೋಕೆ ಅಂತ ಹಾಕಿದ್ದು ಹೀಗ್ಯಾಕಾಯ್ತು?

ಗಾರೆಗಾಣ
ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ, ಇಪ್ಪತ್ತು ವರ್ಷದಿಂದ ಸುಣ್ಣದ ಕೆಲಸವೇ ಮಾಡ್ತಿರೋದು.

ಹಳೇ ಗೋಡೆ ಒಳಗೆ ಯಾವಾಗಲೂ ಸ್ವಲ್ಪ ತೇವ ಇರತ್ತೆ. ಪಾಯದಿಂದ ಏರತ್ತೆ, ಮಳೆಯಿಂದ ಇಳಿಯತ್ತೆ. ಸುಣ್ಣದ ಸಂದು ಮೆತ್ತಗೆ, ತೂತುತೂತು. ತೇವ ಅಲ್ಲಿಂದಲೇ ಆರಿ ಹೊರಗೆ ಹೋಗತ್ತೆ. ಹೋಗ್ತಾ ತನ್ನ ಜೊತೆ ತಂದ ಉಪ್ಪನ್ನ ಆ ಸಂದಿನಲ್ಲೇ ಬಿಟ್ಟುಹೋಗತ್ತೆ. ಉಪ್ಪು ಹರಳುಗಟ್ಟಿದಾಗ ಹಾಳಾಗೋದು ಸಂದು. ಐವತ್ತು-ಅರವತ್ತು ವರ್ಷಕ್ಕೊಮ್ಮೆ ಕೆರೆದು ಹೊಸ ಗಾರೆ ತುಂಬಿದ್ರೆ ಮುಗೀತು, ಕಲ್ಲಿಗೆ ಏನೂ ಆಗಲ್ಲ. ಸಂದು ಇರೋದೇ ಕಲ್ಲಿನ ಬದಲು ತಾನು ಸವೆಯೋಕೆ.

ಸಿಮೆಂಟ್ ಹಾಕಿದ್ರೆ ಆ ಬಾಗಿಲು ಮುಚ್ಚಿದ ಹಾಗೆ. ತೇವಕ್ಕೆ ಇರೋ ದಾರಿ ಕಲ್ಲೊಂದೇ. ಉಪ್ಪು ಕಲ್ಲಿನ ಮುಖದ ಹಿಂದೆ ಕೂತು ಹರಳಾಗತ್ತೆ, ಮುಖವನ್ನೇ ತಳ್ಳಿಬಿಡತ್ತೆ. ನಿಮ್ಮ ಕೈಗೆ ಬಂದ ಚಕ್ಕೆ ಅದೇ, ಬಿಳಿ ಪುಡಿ ಆ ಉಪ್ಪೇ. ಗಾರೆ ಯಾವತ್ತೂ ಕಲ್ಲಿಗಿಂತ ಮೆತ್ತಗಿರಬೇಕು. ಇದೊಂದು ಮಾತು ಗೊತ್ತಿದ್ದರೆ ಎಷ್ಟೋ ಕಟ್ಟಡ ಉಳೀತಿದ್ವು.

ದಾರಿಹೋಕ
ಹಾಗಾದ್ರೆ ಇವತ್ತೇ ಆ ಸಿಮೆಂಟ್ ಎಲ್ಲ ಕಿತ್ತುಹಾಕಿಸಿ ಸರ್.

ಗಾರೆಗಾಣ
ದಯವಿಟ್ಟು ಅವಸರ ಬೇಡ. ಕಟಿಂಗ್ ಮಷೀನ್ ತಂದು ಕೊಯ್ಯಿಸಿದ್ರೆ ಕಲ್ಲಿನ ಅಂಚೇ ಹೋಗತ್ತೆ. ಸುತ್ತಿಗೆ, ಸಣ್ಣ ಉಳಿ, ಕೈಯಲ್ಲೇ ಬಿಡಿಸಬೇಕು. ಒಂದು ಮೀಟರ್ ಜಾಗದಲ್ಲಿ ಮಾಡಿ ನೋಡಿ. ಸಲೀಸಾಗಿ ಎದ್ದು ಬಂದ್ರೆ ಮುಂದುವರಿಸಿ. ಕಲ್ಲನ್ನ ಕಚ್ಚಿಕೊಂಡು ಕೂತಿದ್ದರೆ ಸದ್ಯಕ್ಕೆ ಬಿಟ್ಟುಬಿಡಿ, ಕೀಳುವ ಭರದಲ್ಲಿ ಆಗೋ ನಷ್ಟ ಹೆಚ್ಚು.

ತೂಗುಗುಂಡು
ಮೊದಲನೇ ಪ್ರಶ್ನೆಗೆ ಬರೋಣ. ಒಂಟಿಕಂಬ ಅವರೇ, ನಿಮ್ಮ ಮನಸ್ಸು ಯಾಕೆ ಒಪ್ತಿಲ್ಲ ಅನ್ನೋದನ್ನ ಹಳೇ ಕಟ್ಟಡ ಉಳಿಸೋ ತತ್ವಗಳನ್ನ ಹೇಳೋ ಅಂತರರಾಷ್ಟ್ರೀಯ ದಾಖಲೆ, 1964ರ ವೆನಿಸ್ ಸನ್ನದು ಆಗಲೇ ಬರೆದಿಟ್ಟಿದೆ. ಅದರ 9ನೇ ವಿಧಿಯ ತಿರುಳು: ಊಹೆ ಎಲ್ಲಿ ಶುರುವಾಗತ್ತೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ನಿಮ್ಮ ಹತ್ತಿರ ಹಿಂಬದಿಗೆ ಆಧಾರ ಇಲ್ಲ. ಎಡಗಡೆ ನೋಡಿ ಬಲಗಡೆ ಬರೆಯೋದು ಊಹೆಯೇ. 12ನೇ ವಿಧಿ ಇನ್ನೊಂದು ಹೇಳತ್ತೆ. ಹೊಸದಾಗಿ ಸೇರಿಸಿದ ಭಾಗ ಒಟ್ಟು ಕಟ್ಟಡಕ್ಕೆ ಹೊಂದಬೇಕು, ಆದರೆ ಹೊಸದು ಅಂತ ಗುರುತು ಸಿಗಬೇಕು. ಇಲ್ಲದಿದ್ರೆ ಮುಂದಿನವರಿಗೆ ನಾವು ಸುಳ್ಳು ದಾಖಲೆ ಬಿಟ್ಟುಹೋದ ಹಾಗೆ.

ಫ್ರಾನ್ಸಿನ ಕಾರ್ಕಸೋನ್ ಕೋಟೆ ನೋಡಿ. 1850ರ ದಶಕದಲ್ಲಿ ವಿಯೊಲೆ-ಲ-ಡ್ಯುಕ್ ಎಂಬ ವಾಸ್ತುಶಿಲ್ಪಿ ಅದರ ಗೋಪುರಗಳಿಗೆ ಚೂಪಾದ ಸ್ಲೇಟ್ ಕಲ್ಲಿನ ಮಾಡು ಕೂರಿಸೋಕೆ ಶುರುಮಾಡಿದ. ಆ ಪ್ರದೇಶದ ಮಾಡಿನ ರೀತಿ ಅದಲ್ಲ ಅನ್ನೋ ತಕರಾರು ಇವತ್ತಿಗೂ ಇದೆ. ಆದರೆ ನೋಡೋಕೆ ಹೋದವರಿಗೆ ಮಧ್ಯಯುಗದ ಕೋಟೆ ಅಂದ್ರೆ ಅದೇ. ಚೆನ್ನಾಗಿ ಬರೆದ ಊಹೆ ಕೆಟ್ಟದಾಗಿ ಬರೆದ ಊಹೆಗಿಂತ ಅಪಾಯ, ಯಾಕಂದ್ರೆ ಎಲ್ಲರೂ ನಂಬ್ತಾರೆ.

ಮರದಮಾಡು
ಸನ್ನದುಗಳನ್ನ ಹೀಗೆ ಮಂತ್ರ ಹೇಳಿದಂಗೆ ಹೇಳೋದು ನನಗೆ ಸರಿ ಕಾಣಲ್ಲ. ಎರಡನೇ ಮಹಾಯುದ್ಧದಲ್ಲಿ ವಾರ್ಸಾ ನಗರದ ಹಳೇ ಭಾಗ ಶೇ. 85ಕ್ಕಿಂತ ಹೆಚ್ಚು ನೆಲಸಮ ಆಯ್ತು. ಜನ ಅದನ್ನ ಮತ್ತೆ ಕಟ್ಟಿದ್ರು. 1980ರಲ್ಲಿ ಯುನೆಸ್ಕೊ ಅದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಬೊಸ್ನಿಯಾದ ಮೊಸ್ತಾರ್‌ನ ಹಳೇ ಸೇತುವೆ 1993ರಲ್ಲಿ ಯುದ್ಧದಲ್ಲಿ ಬಿತ್ತು, 2004ರಲ್ಲಿ ಮತ್ತೆ ಎದ್ದು ನಿಂತಿತು, ಮರುವರ್ಷವೇ ಪಟ್ಟಿಗೆ ಬಂತು. ಊರಿನ ಎರಡು ದಡದ ಜನಕ್ಕೆ ಆ ಸೇತುವೆ ಬೇಕಿತ್ತು. ಅವರ ಎದುರು ನಿಂತು 9ನೇ ವಿಧಿ ಓದ್ತೀರಾ?

ತೂಗುಗುಂಡು
ನೀವು ಕೊಟ್ಟ ಎರಡು ಉದಾಹರಣೆಗೂ ಆಧಾರ ಇತ್ತಲ್ಲ! ವಾರ್ಸಾದಲ್ಲಿ ಯುದ್ಧಕ್ಕೆ ಮೊದಲೇ ವಾಸ್ತುಶಿಲ್ಪ ವಿದ್ಯಾರ್ಥಿಗಳು ಅಳತೆ ತೆಗೆದು ಬರೆದ ನಕ್ಷೆಗಳಿದ್ವು, ಬೆಲ್ಲೊಟ್ಟೊ ಎಂಬ ಚಿತ್ರಕಾರ 18ನೇ ಶತಮಾನದಲ್ಲಿ ಬರೆದ ನಗರದ ಚಿತ್ರಗಳಿದ್ವು. ಒಂಟಿಕಂಬ ಅವರ ಹತ್ತಿರ ಇರೋದು ಮುಂಭಾಗದ ಎರಡು ಫೋಟೊ. ಇಡೀ ನಗರ ಕಳಕೊಂಡ ಜನರ ನೋವು ಬೇರೆ, ಒಂದು ತುದಿ ಕುಸಿದ ಕಟ್ಟಡ ಬೇರೆ.

ಮರದಮಾಡು
ಸರಿ, ಆಧಾರದ ಮಾತು ಒಪ್ಪಿದೆ. ಆದ್ರೆ ಜನಕ್ಕೆ ಬೇಕು ಅನ್ನೋದಕ್ಕೂ ಒಂದು ತೂಕ ಇರಬೇಕು ಅನ್ನೋದು ನನ್ನ ಮಾತು.

ಹೊಸ್ತಿಲು
ಇದೆಲ್ಲ ಕಲ್ಲಿನ ಕಟ್ಟಡದವರ ತತ್ವ ಅಲ್ವಾ? ಜಪಾನಿನ ಇಸೆ ದೇಗುಲವನ್ನ ಇಪ್ಪತ್ತು ವರ್ಷಕ್ಕೊಮ್ಮೆ ಪೂರ್ತಿ ಹೊಸ ಮರದಲ್ಲಿ ಕಟ್ತಾರೆ, ಸಾವಿರದ ಮುನ್ನೂರು ವರ್ಷದಿಂದ ತಪ್ಪದೆ. ಅದು ವಿಶ್ವ ಪರಂಪರೆ ತಾಣ ಆಗಿದೆ. ಮರ ಹೊಸದಾದ್ರೂ ದೇಗುಲ ಹಳೇದೇ.

ಮೂಡಣಗಾಳಿ
ಎರಡು ತಿದ್ದುಪಡಿ. ಇಸೆ ಯುನೆಸ್ಕೊ ಪಟ್ಟಿಯಲ್ಲಿ ಇಲ್ಲ. ಮತ್ತೆ 'ತಪ್ಪದೆ' ಅನ್ನೋದೂ ಸರಿಯಲ್ಲ, ನಡುವೆ ಯುದ್ಧಕಾಲದಲ್ಲಿ ನೂರು ವರ್ಷಕ್ಕೂ ಹೆಚ್ಚು ನಿಂತುಹೋಗಿತ್ತು. ಕಳೆದ ಸಲ ಕಟ್ಟಿದ್ದು 2013ರಲ್ಲಿ, ಅದು 62ನೇ ಸಲ.

ಆದರೆ ಹೊಸ್ತಿಲು ಅವರ ಮೂಲ ಮಾತು ಮುಖ್ಯವಾದದ್ದು. ಅದೇ ಪ್ರಶ್ನೆಯಿಂದಲೇ ಜಪಾನಿನ ನಾರಾದಲ್ಲಿ 1994ರ ನಾರಾ ದಸ್ತಾವೇಜು ಹುಟ್ಟಿದ್ದು. ಅಸಲಿತನ ಅನ್ನೋದನ್ನ ಬರೀ ಹಳೇ ಕಲ್ಲು-ಮರದಲ್ಲಿ ಹುಡುಕಬೇಡಿ; ವಿನ್ಯಾಸ, ಬಳಕೆ, ಕಟ್ಟುವ ಪದ್ಧತಿ, ಇರುವ ಜಾಗ, ಅದರ ಭಾವ ಇವನ್ನೂ ನೋಡಿ, ಆಯಾ ಸಂಸ್ಕೃತಿಯ ಒಳಗಿಂದಲೇ ತೂಗಿ ಅಂತ ಅದು ಹೇಳ್ತು. ಇದನ್ನ ಓದಿದವರು ಕೆಲವರು 'ಹಾಗಾದ್ರೆ ಏನು ಬೇಕಾದ್ರೂ ಕಟ್ಟಬಹುದು' ಅಂದುಕೊಂಡ್ರು. ಅದು ತಪ್ಪು ಓದು. ಜಪಾನಿನಲ್ಲೇ ಹಳೇ ಮರದ ಕಟ್ಟಡ ಬಿಚ್ಚಿ ರಿಪೇರಿ ಮಾಡುವಾಗ ಪ್ರತಿ ತೊಲೆ, ಪ್ರತಿ ಬೆಣೆ ದಾಖಲೆ ಆಗತ್ತೆ. ಕೊಳೆತ ತುದಿ ಮಾತ್ರ ಕೊಯ್ದು ಹೊಸ ಮರ ಜೋಡಿಸ್ತಾರೆ, ಹೊಸ ಮರದ ಮೇಲೆ ರಿಪೇರಿಯ ವರ್ಷ ಒತ್ತಿರ್ತಾರೆ. ನಾಳೆ ಬಿಚ್ಚಿದವನಿಗೆ ಯಾವುದು ಯಾವಾಗಿನದು ಅಂತ ಗೊತ್ತಾಗಲಿ ಅಂತ.

ಹೊಸ್ತಿಲು
ತಿದ್ದಿದ್ದಕ್ಕೆ ಧನ್ಯವಾದ ಮೂಡಣಗಾಳಿ ಅವರೇ. ವರ್ಷ ಒತ್ತೋ ವಿಷಯ ಗೊತ್ತಿರಲಿಲ್ಲ, ತುಂಬಾ ಇಷ್ಟ ಆಯ್ತು.

ಗಾರೆಗಾಣ
ಮಾಲಿ ದೇಶದ ಜೆನ್ನೆ ಮಸೀದಿನೂ ಇದೇ ಸಾಲಿಗೆ ಬರತ್ತೆ. ಮಣ್ಣಿನ ಗೋಡೆ. ಈಗಿರೋ ಕಟ್ಟಡ 1907ರದ್ದು. ವರ್ಷಕ್ಕೊಮ್ಮೆ ಇಡೀ ಊರು ಸೇರಿ ಮಣ್ಣು ಮೆತ್ತತ್ತೆ. ಗೋಡೆಯಿಂದ ಚಾಚಿಕೊಂಡಿರೋ ಮರದ ತುಂಡುಗಳ ಮೇಲೇ ಹತ್ತಿ ನಿಂತು ಮೆತ್ತೋದು. ಅಲ್ಲಿ ಮೆತ್ತೋದನ್ನ ನಿಲ್ಲಿಸಿ 'ಮೂಲ ಮಣ್ಣು ಉಳಿಸ್ತೀವಿ' ಅಂತ ಹೊರಟ್ರೆ ಕೆಲವೇ ಮಳೆಗೆ ಗೋಡೆ ಕರಗಿಹೋಗತ್ತೆ. ಉಳಿಸಬೇಕಾದ್ದು ಮೆತ್ತೋ ಕೈಗಳನ್ನ.

ತೂಗುಗುಂಡು
ಒಪ್ಪಿದೆ. ಆದರೆ ಮೆತ್ತೋ ಕೈ ಇಲ್ಲದ ಕಡೆ ಜೆನ್ನೆ ಹೆಸರು ಹೇಳಿ ಕಂಟ್ರಾಕ್ಟರ್ ಕೈಯಲ್ಲಿ ಹೊಸದು ಕಟ್ಟಿಸೋದನ್ನ ನಾನು ಒಪ್ಪಲ್ಲ.

ಕಾಲುವೆದಂಡೆ
ಇಷ್ಟು ಹೊತ್ತಿನಿಂದ ಓದ್ತಿದ್ದೀನಿ, ಎಲ್ಲರೂ ಗೋಡೆ ಬಗ್ಗೆನೇ ಮಾತಾಡ್ತಿದ್ದೀರಿ. ಒಂಟಿಕಂಬ ಅವರು ಮೊದಲ ಪ್ಯಾರಾದಲ್ಲೇ ತೋಟ, ಕಾಲುವೆ ಅಂದ್ರು. ಆ ಕಾಲುವೆಯಲ್ಲಿ ಈಗ ನೀರು ಹರೀತಿದೆಯಾ?

ಒಂಟಿಕಂಬ
ಇಲ್ಲ. ಮೇಲ್ಗಡೆ ಹೂಳು ತುಂಬಿ ಬಹಳ ವರ್ಷ ಆಯ್ತು. ತೋಟವೂ ಪೊದೆ ಬೆಳೆದು ಹೋಗಿದೆ. ಅದನ್ನ 'ಎರಡನೇ ಹಂತ'ಕ್ಕೆ ಇಟ್ಟಿದ್ದೀವಿ.

ಕಾಲುವೆದಂಡೆ
ಅದೇ ಮೊದಲನೇ ಹಂತ ಆಗಬೇಕಿತ್ತು ಅನ್ನಿಸತ್ತೆ. ಹೂಳು ತುಂಬಿದ ಕಾಲುವೆಯ ನೀರು ಮಳೆಗಾಲದಲ್ಲಿ ಎಲ್ಲಿಗೆ ಹೋಗತ್ತೆ? ಪಕ್ಕಕ್ಕೆ ಉಕ್ಕಿ ಪಾಯಕ್ಕೆ ಇಳಿಯತ್ತೆ. ನಿಮ್ಮ ಹಿಂಬದಿಯ ತುದಿ ಕುಸಿಯೋಕೆ, ಗೋಡೆಯಲ್ಲಿ ತೇವ ಏರೋಕೆ ಅದೇ ಕಾರಣ ಇರಬಹುದು, ಒಮ್ಮೆ ಪಾಯದ ಪಕ್ಕ ಗುಂಡಿ ತೋಡಿ ನೋಡಿ. ಕಾರಣ ಹಾಗೇ ಬಿಟ್ಟು ಗೋಡೆ ಕಟ್ಟಿದ್ರೆ ಹೊಸ ಗೋಡೆಯೂ ಬೀಳತ್ತೆ.

ಇನ್ನು ತತ್ವದ ಮಾತು. ಕಟ್ಟಡ, ತೋಟ, ನೀರು ಬೇರೆ ಬೇರೆ ವಸ್ತುಗಳಲ್ಲ. ಸಾಂಸ್ಕೃತಿಕ ಭೂದೃಶ್ಯ ಅನ್ನೋ ವರ್ಗವನ್ನ ಯುನೆಸ್ಕೊ 1992ರಲ್ಲಿ ತಂದಿದ್ದೇ ಇದಕ್ಕೆ: ಮನುಷ್ಯ ಮತ್ತೆ ನೆಲ ಸೇರಿ ಮಾಡಿದ್ದು. ಬೇಕಂತಲೇ ವಿನ್ಯಾಸ ಮಾಡಿದ ಉದ್ಯಾನ ಒಂದು ಬಗೆ. ಬಾಳ್ವೆಯ ಜೊತೆ ತಾನಾಗಿ ರೂಪುಗೊಂಡ ಹೊಲಗದ್ದೆ ಇನ್ನೊಂದು. ಕೈಯಿಂದ ಕಟ್ಟಿದ್ದು ಏನೂ ಇಲ್ಲದಿದ್ರೂ ನಂಬಿಕೆಯಿಂದ ಬೆಸೆದುಕೊಂಡ ಬೆಟ್ಟ ಮತ್ತೊಂದು. ನ್ಯೂಜಿಲೆಂಡಿನ ಟೊಂಗರಿರೊ 1993ರಲ್ಲಿ ಈ ವರ್ಗದಲ್ಲಿ ಮೊದಲು ಸೇರಿದ್ದು, ಅದು ಮಾವೊರಿ ಜನಕ್ಕೆ ಪವಿತ್ರವಾದ ಪರ್ವತಗಳ ಜಾಗ. ಅಲ್ಲಿ ಯಾವ ಗೋಡೆಗೆ ಗಾರೆ ಹಚ್ತೀರಿ?

ಫಿಲಿಪೀನ್ಸಿನ ಬೆಟ್ಟದ ಮೆಟ್ಟಿಲುಗದ್ದೆಗಳು 1995ರಲ್ಲಿ ಪಟ್ಟಿಗೆ ಬಂದವು, 2001ರಲ್ಲಿ ಯುನೆಸ್ಕೊದ 'ಅಪಾಯದಲ್ಲಿರುವ ತಾಣ'ಗಳ ಪಟ್ಟಿಗೆ ಹೋದವು. ಯಾರೂ ಬಾಂಬ್ ಹಾಕಿರಲಿಲ್ಲ. ಹುಡುಗರು ಊರು ಬಿಟ್ಟು ದುಡಿಯೋಕೆ ಹೋದರು, ಬದು ಕಟ್ಟೋರು, ನೀರು ತಿರುಗಿಸೋರು ಕಮ್ಮಿಯಾದರು, ಗದ್ದೆ ಜಾರೋಕೆ ಶುರುವಾಯ್ತು. ಜನ ಮತ್ತೆ ಕೈಹಾಕಿದ ಮೇಲೆ 2012ರಲ್ಲಿ ಹೊರಗೆ ಬಂತು. ಭೂದೃಶ್ಯಕ್ಕೆ ಬೇಲಿ ಹಾಕಿ ಉಳಿಸೋಕಾಗಲ್ಲ.

ಸೇತುಬಂಧ
ಕಾಲುವೆದಂಡೆ ಮೇಡಂ ಹೇಳಿದ್ದಕ್ಕೆ ಸೇರಿಸ್ತೀನಿ. ಜರ್ಮನಿಯ ಡ್ರೆಸ್ಡೆನ್‌ನ ಎಲ್ಬ್ ಕಣಿವೆ 2004ರಲ್ಲಿ ಪಟ್ಟಿಗೆ ಬಂತು. ಕಣಿವೆಯ ಮಧ್ಯೆ ನಾಲ್ಕು ಪಥದ ಸೇತುವೆ ಕಟ್ಟೇ ಕಟ್ತೀವಿ ಅಂದ್ರು, 2009ರಲ್ಲಿ ಪಟ್ಟಿಯಿಂದ ತೆಗೆದುಹಾಕಿದ್ರು. ಒಂದೂ ಹಳೇ ಕಟ್ಟಡ ಒಡೆದಿರಲಿಲ್ಲ, ಹೋಗಿದ್ದು ನೋಟ. ನಮ್ಮ ಹಂಪಿಯೂ 1999ರಲ್ಲಿ ಅಪಾಯದ ಪಟ್ಟಿಗೆ ಹೋಗಿದ್ದು ಸೇತುವೆ ಕಾರಣಕ್ಕೇ, 2006ರಲ್ಲಿ ಹೊರಬಂತು.

ದಾರಿಹೋಕ
ಸೇತುವೆ ಬೇಡ ಅಂದ್ರೆ ಅಲ್ಲಿನ ಜನ ನದಿ ದಾಟೋದು ಹೇಗೆ? ಪರಂಪರೆ ಹೆಸರಲ್ಲಿ ಬದುಕಿರೋರಿಗೆ ತೊಂದರೆ ಕೊಡೋದು ಯಾವ ನ್ಯಾಯ?

ಸೇತುಬಂಧ
ಪ್ರಶ್ನೆ ನ್ಯಾಯವಾದದ್ದೇ. ದಾಟೋಕೆ ದಾರಿ ಬೇಕು. ಎಲ್ಲಿ, ಎಷ್ಟು ಎತ್ತರ, ಎಷ್ಟು ಅಗಲ ಅನ್ನೋದನ್ನ ಅಲ್ಲಿನ ಜನರನ್ನೂ ಕೂರಿಸಿಕೊಂಡು ಮೊದಲೇ ಮಾತಾಡಬೇಕು. ಕಂಬ ನೆಟ್ಟ ಮೇಲೆ ಮಾತಿಗೆ ಕೂತರೆ ಯಾರಾದ್ರೂ ಒಬ್ಬರು ಸೋಲಲೇಬೇಕಾಗತ್ತೆ.

ಮರದಮಾಡು
ಈ ಜನರ ಮಾತು ಬಂದಿದ್ದು ಒಳ್ಳೇದಾಯ್ತು. ಆಸ್ಟ್ರೇಲಿಯಾದ ಬುರ್ರಾ ಸನ್ನದು, 1979ರದ್ದು, ಆಮೇಲೆ ಹಲವು ಸಲ ತಿದ್ದಿದ್ದು, ಇದನ್ನ ಚೆನ್ನಾಗಿ ಹಿಡಿದಿದೆ. ಮೊದಲು ಈ ಜಾಗ ಯಾರಿಗೆ, ಯಾಕೆ ಮುಖ್ಯ ಅಂತ ತಿಳ್ಕೊಳ್ಳಿ, ಆಮೇಲೆ ಏನು ಮಾಡಬೇಕು ಅಂತ ತೀರ್ಮಾನ ಮಾಡಿ, ಕೊನೆಗೆ ಕೆಲಸಕ್ಕೆ ಕೈಹಾಕಿ. ಕೆಲಸವೂ ಎಷ್ಟು ಬೇಕೋ ಅಷ್ಟೇ, ಆದಷ್ಟೂ ಕಡಿಮೆ. ಒಂಟಿಕಂಬ ಅವರ ಸಮಿತಿ ಕೊನೆಯಿಂದ ಶುರು ಮಾಡಿದೆ. ದುಡ್ಡು ಬಂತು, ನಕ್ಷೆ ಬಂತು, ಯಾಕೆ ಅನ್ನೋದು ಇನ್ನೂ ಬಂದಿಲ್ಲ.

ಅಲ್ಲಿನ ಉಲುರು ಬಂಡೆ ನೆನಪಾಯ್ತು. ಅದರ ಮೇಲೆ ಹತ್ತಬೇಡಿ ಅಂತ ಅದರ ಮೂಲದ ಜನ ಎಷ್ಟೋ ವರ್ಷದಿಂದ ಕೇಳ್ತಿದ್ರು. 2019ರ ಅಕ್ಟೋಬರ್‌ನಲ್ಲಿ ಹತ್ತೋದು ನಿಂತಿತು. ಬಂಡೆಗೆ ಒಂದು ಚೂರೂ ರಿಪೇರಿ ಮಾಡದೆ ಮಾಡಿದ ಸಂರಕ್ಷಣೆ ಅದು.

ಜಂತೆ
ಇಟಲಿಯ ವಾಲಿದ ಪಿಸಾ ಗೋಪುರದ ಕೆಲಸವೂ ಇದಕ್ಕೆ ಒಳ್ಳೇ ಉದಾಹರಣೆ. 1990ರಲ್ಲಿ ಮುಚ್ಚಿದ್ರು, 2001ರಲ್ಲಿ ತೆರೆದ್ರು. ವಾಲಿದ್ದರ ಎದುರು ಬದಿಯ ಪಾಯದ ಕೆಳಗಿಂದ ಸ್ವಲ್ಪಸ್ವಲ್ಪವೇ ಮಣ್ಣು ತೆಗೀತಾ ಹೋದ್ರು. ಹಿಂದಕ್ಕೆ ತಂದಿದ್ದು ಸುಮಾರು ಅರ್ಧ ಡಿಗ್ರಿ ಮಾತ್ರ. ಬೀಳದ ಹಾಗೆ ನಿಂತರೆ ಸಾಕು, ನೆಟ್ಟಗೆ ನಿಲ್ಲೋದು ಬೇಡ ಅಂತ ಅಲ್ಲಿಗೇ ನಿಲ್ಲಿಸಿದ್ರು. ನಾನು ಕಟ್ಟಡದ ಇಂಜಿನಿಯರ್, ಆ ನಿಲ್ಲಿಸೋ ನಿರ್ಧಾರ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕೈಯಲ್ಲಿ ಹಣ, ಯಂತ್ರ ಇದ್ದಾಗ ಇನ್ನಷ್ಟು ಮಾಡೋಣ ಅನ್ನಿಸತ್ತೆ.

ಒಂದು ಕೇಳಬೇಕಿತ್ತು: ಈ ತತ್ವಗಳ ಪ್ರಕಾರ ಹೊಸ ಸಾಮಗ್ರಿ ಮುಟ್ಟಲೇಬಾರದಾ? ಸ್ಟೀಲ್ ರಾಡ್ ಹಾಕಿದ್ರೆ ಬೈತಾರೆ.

ತೂಗುಗುಂಡು
ಮುಟ್ಟಬಹುದು. ವೆನಿಸ್ ಸನ್ನದಿನ 10ನೇ ವಿಧಿ ಅದಕ್ಕೇ ಇದೆ: ಹಳೇ ವಿಧಾನ ಸಾಲದೇ ಹೋದಾಗ, ಪರಿಣಾಮ ಸಾಬೀತಾದ ಹೊಸ ವಿಧಾನ ಬಳಸಬಹುದು. 'ಸಾಬೀತಾದ' ಅನ್ನೋದನ್ನ ಮರೀಬೇಡಿ. ಅಥೆನ್ಸಿನ ಪ್ರಾಚೀನ ದೇಗುಲ ಪಾರ್ಥೆನಾನ್ ಕಥೆ ಅದೇ. ಗ್ರೀಕರು ಅಮೃತಶಿಲೆಯ ಕಲ್ಲುಗಳನ್ನ ಜೋಡಿಸೋಕೆ ಕಬ್ಬಿಣದ ಕೊಂಡಿ ಹಾಕಿ, ಸುತ್ತ ಸೀಸ ಎರೆದಿದ್ದರು. ಗಾಳಿ, ನೀರು ಒಳಗೆ ಹೋಗ್ತಿರಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಾಲಾನೊಸ್ ಎಂಬ ಇಂಜಿನಿಯರ್ ಬಿದ್ದ ಕಂಬಗಳನ್ನ ಎತ್ತಿ ನಿಲ್ಲಿಸುವಾಗ ಸೀಸ ಇಲ್ಲದ ಕಬ್ಬಿಣ ಹಾಕಿದ. ತುಕ್ಕು ಹಿಡಿದ ಕಬ್ಬಿಣ ಉಬ್ಬತ್ತೆ. ಎರಡು ಸಾವಿರ ವರ್ಷ ತಡೆದ ಕಲ್ಲು ಕೆಲವೇ ದಶಕದಲ್ಲಿ ಒಳಗಿಂದ ಸೀಳಿಹೋಯ್ತು. ಆಮೇಲೆ ಬಂದವರು ಅದನ್ನೆಲ್ಲ ಬಿಚ್ಚಿ ಟೈಟಾನಿಯಂ ಹಾಕ್ತಾ ಬಂದಿದ್ದಾರೆ.

ಜಂತೆ
ಬಿಚ್ಚೋಕಾದ್ರೂ ಬಂತಲ್ಲ, ಅದೇ ದೊಡ್ಡದು. ಇವತ್ತು ಎಪಾಕ್ಸಿ (ಗಟ್ಟಿಯಾಗೋ ರಾಸಾಯನಿಕ ಅಂಟು) ಸುರಿದುಬಿಟ್ರೆ ನಾಳೆ ಬಿಚ್ಚೋದು ಹೇಗೆ? ನಾಳೆ ತೆಗೆಯೋಕೆ ಬರಬೇಕು ಅನ್ನೋದನ್ನ ನನ್ನ ಲೆಕ್ಕದಲ್ಲಿ ಮೊದಲ ಸಾಲಿಗೆ ಬರೀತೀನಿ.

ಹೊಸ್ತಿಲು
ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಬಗ್ಗೆ ಯಾರೂ ಹೇಳಲಿಲ್ಲ? 2019ರಲ್ಲಿ ಸುಟ್ಟುಹೋದ ಶಿಖರ ಮಧ್ಯಯುಗದ್ದೇ ಅಲ್ಲ, ಇದೇ ವಿಯೊಲೆ-ಲ-ಡ್ಯುಕ್ 19ನೇ ಶತಮಾನದಲ್ಲಿ ಕಟ್ಟಿದ್ದು. ಅದನ್ನೇ ಇದ್ದ ಹಾಗೆ ಮತ್ತೆ ಕಟ್ಟಿದ್ರಲ್ಲ.

ಮೂಡಣಗಾಳಿ
ಕಟ್ಟಡದಲ್ಲಿ ಎಲ್ಲ ಕಾಲದ ಪದರವೂ ಅಸಲಿಯೇ ಅನ್ನೋದು ಅಲ್ಲಿ ಕಾಣತ್ತೆ. ಮತ್ತೆ ಆಧಾರದ ವಿಷಯದಲ್ಲಿ ಅವರಿಗೆ ಕೊರತೆ ಇರಲಿಲ್ಲ. ಬೆಂಕಿ ಬೀಳೋಕೆ ಮೊದಲೇ ಮಾಡಿನ ಓಕ್ ತೊಲೆಗಳ ಅಳತೆ ತೆಗೆದಿದ್ದರು, ಕಟ್ಟಡದ ಲೇಸರ್ ಸ್ಕ್ಯಾನ್ ಕೂಡ ಇತ್ತು. 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದಾಗ ಆ ದಾಖಲೆ ಮಾಡಿದವರನ್ನ ನಾನು ಮನಸ್ಸಿನಲ್ಲೇ ನೆನೆಸಿಕೊಂಡೆ. ಒಂಟಿಕಂಬ ಅವರೇ, ಬಿದ್ದ ಭಾಗ ಹೋಯ್ತು, ನಿಂತಿರೋದನ್ನಾದ್ರೂ ಈಗಲೇ ಪೂರ್ತಿ ಅಳೆದು ಬರೆಸಿಡಿ. ಬಿದ್ದ ಕಲ್ಲುಗಳನ್ನ ಲಾರಿಗೆ ತುಂಬಿಸಿಬಿಟ್ಟಿಲ್ಲ ತಾನೇ?

ಒಂಟಿಕಂಬ
ಇಲ್ಲ, ಬಿದ್ದಲ್ಲೇ ರಾಶಿಯಾಗಿ ಇವೆ. ತೆರವು ಮಾಡೋಕೆ ಮುಂದಿನ ವಾರ ಅಂತಿದ್ರು, ನಿಲ್ಲಿಸೋಕೆ ಹೇಳ್ತೀನಿ.

ಮೂಡಣಗಾಳಿ
ಖಂಡಿತ ನಿಲ್ಲಿಸಿ. ಕಿಟಕಿಯ ಚೌಕಟ್ಟಿನ ಕಲ್ಲು, ತೊಲೆ ಕೂರುವ ಗೂಡು ಕೊರೆದ ಕಲ್ಲು, ಎಲ್ಲ ಆ ರಾಶಿಯಲ್ಲೇ ಇರತ್ತೆ. ಬಿದ್ದ ಕ್ರಮ ನೋಡಿದ್ರೆ ಮೇಲಿನದು ಯಾವುದು, ಕೆಳಗಿನದು ಯಾವುದು ಅಂತ ಹೇಳಬಹುದು. ನೀವು ಆಧಾರ ಇಲ್ಲ ಅಂದಿದ್ರಲ್ಲ, ಅರ್ಧ ಆಧಾರ ಅಲ್ಲೇ ಬಿದ್ದಿದೆ. ಪ್ರತಿ ಕಲ್ಲಿಗೂ ನಂಬರ್ ಹಾಕಿ, ಫೋಟೊ ತೆಗೆದು, ಆಮೇಲೆ ಸರಿಸಿ.

ಗಾರೆಗಾಣ
ಆ ರಾಶಿಯಲ್ಲಿ ಹಳೇ ಗಾರೆ ಅಂಟಿರೋ ಒಂದೆರಡು ಹೆಂಟೆ ಎತ್ತಿಟ್ಟುಕೊಳ್ಳಿ. ಪುಡಿ ಮಾಡಿ ಆಸಿಡ್‌ನಲ್ಲಿ ಹಾಕಿದ್ರೆ ಸುಣ್ಣ ನೊರೆಯೆದ್ದು ಕರಗತ್ತೆ, ಮರಳು ತಳದಲ್ಲಿ ಉಳಿಯತ್ತೆ. ಅದರ ಬಣ್ಣ, ದಪ್ಪ ನೋಡಿ ಅಂಥದ್ದೇ ಮರಳು ಹುಡುಕಬಹುದು. ಮರಳಲ್ಲೇ ಸುಣ್ಣಕಲ್ಲಿನ ಚೂರಿದ್ರೆ ಮಾತ್ರ ಲೆಕ್ಕ ತಪ್ಪತ್ತೆ, ಲ್ಯಾಬಿನಲ್ಲೇ ಮಾಡಿಸಿ.

ಒಂಟಿಕಂಬ
ಹದಿನೈದು ದಿನದ ನಂತರ ಬರೀತಿದ್ದೀನಿ. ಇಲ್ಲಿ ಓದಿದ್ದನ್ನೆಲ್ಲ ಸಭೆಯಲ್ಲಿ ಇಟ್ಟೆ. ಎರಡು ಗಂಟೆ ವಾದ ಆಯ್ತು. ಹಿರಿಯರೊಬ್ಬರು "ಹಾಗಾದ್ರೆ ಮುರುಕನ್ನೇ ತೋರಿಸಬೇಕಾ" ಅಂತ ಬೇಸರ ಮಾಡಿಕೊಂಡ್ರು, ಅವರ ನೋವು ನನಗೆ ಅರ್ಥವಾಗತ್ತೆ. ಅವರು ಚಿಕ್ಕವರಿದ್ದಾಗ ಆ ಹಿಂದಿನ ಕೋಣೆಯಲ್ಲಿ ಓದಿದವರು.

ಕೊನೆಗೆ ಅವರೇ ದಾರಿ ತೋರಿಸಿದ್ರು. ಕಲ್ಲಿನ ರಾಶಿ ಬಿಡಿಸೋಕೆ ಶುರುಮಾಡಿದಾಗ ಬಂದು ನಿಂತು, ಕಿಟಕಿಯ ಒಂದು ಕಲ್ಲು ನೋಡಿ "ಇದರ ಮೇಲೆ ಕೂತು ಮಳೆ ನೋಡ್ತಿದ್ವಿ" ಅಂದ್ರು. ಅಂಚು ನುಣ್ಣಗೆ ಸವೆದಿತ್ತು. ಅಲ್ಲಿಗೆ ಕಿಟಕಿ ಎರಡೇ, ನಕ್ಷೆಯಲ್ಲಿ ಬರೆದ ಹಾಗೆ ನಾಲ್ಕಲ್ಲ ಅಂತ ಗೊತ್ತಾಯ್ತು.

ಈಗಿನ ತೀರ್ಮಾನ: ಈ ವರ್ಷ ಹಿಂಬದಿ ಕಟ್ಟಲ್ಲ. ಕಾಲುವೆಯ ಹೂಳು ಮೊದಲು ತೆಗೀತೀವಿ. ಕಾಲುವೆದಂಡೆ ಮೇಡಂ ಹೇಳಿದ ಹಾಗೆ ಗುಂಡಿ ತೋಡಿಸಿದ್ವಿ, ಮೊಣಕಾಲುದ್ದಕ್ಕೇ ನೀರು ಸಿಕ್ತು. ಮುರಿದ ಗೋಡೆಯ ತಲೆಗೆ ಸುಣ್ಣದ ಗಾರೆಯಲ್ಲಿ ನೀರು ಜಾರುವ ಹಾಗೆ ಇಳಿಜಾರು ಕೊಡೋದು, ಮೇಲೆ ಬಿಚ್ಚಬಹುದಾದ ತಗಡಿನ ಮಾಡು. ಕಲ್ಲುಗಳ ಲೆಕ್ಕ ಪೂರ್ತಿ ಆದ ಮೇಲೆ ಎಷ್ಟು ಎತ್ತರದವರೆಗೆ ಆಧಾರ ಸಿಗತ್ತೋ ಅಷ್ಟೇ ಜೋಡಿಸೋದು. ಉತ್ತರದ ಗೋಡೆಯಲ್ಲಿ ಒಂದು ಮೀಟರ್ ಸಿಮೆಂಟ್ ಬಿಡಿಸಿದ್ವಿ, ಸಲೀಸಾಗಿಯೇ ಬಂತು. ನಾಳೆ ಗಾರೆ ತುಂಬ್ತೀವಿ. ಗಾರೆಗಾಣ ಅವರೇ, ಏನು ಗಮನಿಸಬೇಕು?

ಗಾರೆಗಾಣ
ತುಂಬಾ ಸಂತೋಷ. ಸಂದನ್ನ ಅದರ ಅಗಲದ ಎರಡರಷ್ಟಾದ್ರೂ ಆಳಕ್ಕೆ ಕೆರೆದಿರಬೇಕು. ದೂಳು ಪೂರ್ತಿ ಹೋಗಲಿ. ತುಂಬೋಕೆ ಮೊದಲು ಕಲ್ಲಿಗೆ ಚೆನ್ನಾಗಿ ನೀರು ಕುಡಿಸಿ, ಇಲ್ಲಾಂದ್ರೆ ಗಾರೆಯ ನೀರನ್ನ ಕಲ್ಲೇ ಹೀರಿ ಪುಡಿಪುಡಿ ಆಗತ್ತೆ. ಗಾರೆಯಲ್ಲಿ ನೀರು ಕಮ್ಮಿ ಇರಲಿ, ಗಟ್ಟಿಯಾಗಿ ಒತ್ತಿ. ಕಲ್ಲಿನ ಮುಖದ ಮೇಲೆ ಹರಡೋದು ಬೇಡ. ಆಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ಬಿಸಿಲು, ಗಾಳಿ ನೇರ ತಾಗದ ಹಾಗೆ ನೋಡಿಕೊಳ್ಳಿ, ಒಂದು ವಾರವಾದ್ರೂ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗೋದು, ಒಣಗಿಬಿಟ್ರೆ ಆ ಕೆಲಸ ನಿಂತುಹೋಗತ್ತೆ. ನಾಳೆ ಸಂಜೆ ಫೋಟೊ ಹಾಕಿ, ಹತ್ತಿರದಿಂದ ತೆಗೆದದ್ದು.